ಮಿರೆಲ್ಲಾಳ ಕಾರಿನ ನಾಲ್ಕು ತಿರುಪುಗಳು

ನಾನು ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀವೇ ಕಂಡುಹಿಡಿದು ನಗುವುದು ಬೇಡ. ಹೆಸರು ಕೋಸಿಮೊ, ವಯಸ್ಸು ಅರವತ್ತಾರು. ಅಡಿಲೇಡಿನಲ್ಲಿ ಮೂವತ್ನಾಲ್ಕು ವರ್ಷ ಲಾರಿಗಳಿಗೆ ಭಾರ ಹೊರುವ ಕಮಾನು ಪಟ್ಟಿ ಕೂರಿಸಿದವನು. ಕಲ್ಲು ತುಂಬಿದ ಲಾರಿಯ ಅಡಿಗೆ ನುಸುಳುವಾಗ ಒಂದು ದಿನವೂ ಎದೆ ಅಳುಕಿರಲಿಲ್ಲ. ಆದರೆ ನನ್ನ ಮಗಳು ಮಿರೆಲ್ಲಾ ಹಳೆಯದೊಂದು ಕೆಂಪು ಮಾಜ್ದಾ ಕೊಂಡಳು ನೋಡಿ. ಅದಕ್ಕೆ ಎರಡೇ ಸೀಟು, ಕೂತು ಕೈ ಹೊರಗೆ ಚಾಚಿದರೆ ನೆಲ ಸಿಗುತ್ತದೆ. ಅವತ್ತಿನಿಂದ ಭಾನುವಾರ ಬೆಳಿಗ್ಗೆ ನನಗೆ ತುತ್ತು ಇಳಿಯುವುದಿಲ್ಲ.

ಅವಳ ಕೆಲಸವೇ ಗಾಡಿ ಓಡಿಸುವುದು. ವಾರವಿಡೀ ಆಂಬುಲೆನ್ಸ್ ಓಡಿಸುತ್ತಾಳೆ, ಅದಕ್ಕೆ ನಾನು ಹೆದರುವುದಿಲ್ಲ. ಹೆದರುವುದು ಭಾನುವಾರಕ್ಕೆ. ಅವತ್ತು ಅವಳೂ ಸೇರಿ ಇಂಥವೇ ಕಾರುಗಳ ಗುಂಪೊಂದು ಗಾರ್ಜ್ ರೋಡ್ ಅನ್ನುವ ಕಣಿವೆಯ ರಸ್ತೆ ಹತ್ತಿ, ಮೇಲೆ ಲೋಬೆತಾಲ್ ಊರಿನ ಬೇಕರಿಯಲ್ಲಿ ಕಾಫಿ ಕುಡಿದು ಬರುತ್ತದೆ. ಆ ರಸ್ತೆಯ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕೆಳಗೆ ಹೊಳೆ, ನಡುವೆ ತೇಪೆಯ ಮೇಲೆ ತೇಪೆ ಬಿದ್ದ ಡಾಂಬರು. "ನಾವೇನ್ ರೇಸ್ ಮಾಡಲ್ಲ ಪಪ್ಪ, ಬೋರ್ಡಲ್ಲಿ ಬರ್ದಿರೋ ವೇಗ ದಾಟಲ್ಲ" ಎನ್ನುತ್ತಾಳೆ. ಅವಳ ಮಾತು ನಂಬುತ್ತೇನೆ, ಆದರೂ ಅವಳ ಕಾರು ಅಂಗಳಕ್ಕೆ ಬಂದು ನಿಲ್ಲುವ ತನಕ ಕಿಟಕಿ ಬಿಟ್ಟು ಕದಲುವುದಿಲ್ಲ.

ಆ ಕಾರಿನ ಶಾಕ್‌ಗಳು, ಅಂದರೆ ಚಕ್ರದ ಕುಲುಕು ತಡೆಯುವ ಕೊಳವೆಗಳು, ಸತ್ತಿದ್ದವು. ಒಂದು ಉಬ್ಬು ದಾಟಿದರೆ ಮೂರು ಸಲ ತೂಗಾಡುತ್ತಿತ್ತು. ಹೊಸದು ಹಾಕಲೇಬೇಕು, ಅದರಲ್ಲಿ ತಕರಾರಿಲ್ಲ. ಯಾವುದು ಹಾಕಬೇಕು ಅನ್ನುವುದಕ್ಕೆ ನಮ್ಮ ಅಡುಗೆಮನೆಯ ಮೇಜಿನ ಸುತ್ತ ಎರಡು ವಾರ ಮಹಾಯುದ್ಧವೇ ನಡೆಯಿತು. ಪಂಚಾಯಿತಿಗೆ ಕೂತವನು ಡೆರಿಲ್ ಕಿಟ್ಟೊ. ಇಂಥ ಕಾರುಗಳಿಗೇ ಶಾಕು, ಸ್ಪ್ರಿಂಗು ಕೂರಿಸುವ ಅಂಗಡಿ ಅವನದು. ನನ್ನ ಹಳೇ ದೋಸ್ತ್.

"ಬರೀ ಗಿಡ್ಡ ಸ್ಪ್ರಿಂಗ್ ಹಾಕಿ ಕಾರು ಇಳಿಸಿಬಿಟ್ರೆ?" ಎಂದು ಮಿರೆಲ್ಲಾ ಕೇಳಿದಳು.

"ಫೋಟೋಗೆ ಭಾಳ ಚೆನ್ನಾಗಿರತ್ತೆ," ಕಿಟ್ಟೊ ಬಿಸ್ಕತ್ತು ಅದ್ದುತ್ತಾ ಹೇಳಿದ. "ತಿರುವಲ್ಲಿ ಒಂದ್ ಗುಂಡಿ ಸಿಕ್ಕಿದ್ರೆ ಶಾಕ್ ತಳ ಮುಟ್ಟಿ ಕಾರು ಕಪ್ಪೆ ಥರ ಕುಪ್ಪಳಿಸತ್ತೆ. ಹಲ್ಲು ಕಟ್ಟಿಸ್ಕೊಳ್ಳೋಕೆ ರೆಡಿಯಿರು."

"ಹಾಗಾದ್ರೆ ರೇಸ್ ಕಾರಿಂದೇ ಹಾಕು. ಕಲ್ಲಿನಂಗಿರ್ಬೇಕು, ಅಲ್ಲಾಡಬಾರ್ದು," ನಾನೆಂದೆ.

"ನಿನ್ನ ಲಾರಿ ಬುದ್ಧಿ ಬಿಡೋ ಮಾರಾಯ. ಇದು ಒಂದ್ ಟನ್ನೇ ತೂಗೋದು."

"ಅಲ್ಲಾಡೋ ಗಾಡಿ ಮಗುಚತ್ತೆ. ನಾನು ಕಣ್ಣಾರೆ ನೋಡಿದೀನಿ."

ನೋಡಿದ್ದೆ. ಕಮಾನು ಪಟ್ಟಿ ಸಡಿಲವಾದ ಈರುಳ್ಳಿ ಲಾರಿಯೊಂದು ನಮ್ಮ ಗ್ಯಾರೇಜಿನ ಮುಂದಿನ ತಿರುವಿನಲ್ಲೇ ವಾಲಿ, ಇನ್ನೂ ವಾಲಿ, ಮಲಗಿಯೇ ಬಿಟ್ಟಿತ್ತು. ಡ್ರೈವರನ್ನು ಹೊರಗೆಳೆದವರಲ್ಲಿ ನಾನೂ ಒಬ್ಬ. ಅವನ ಕಾಲು ನನ್ನ ಕೈಯಲ್ಲಿತ್ತು, ಅದರಾಚೆ ಹೇಳಲಾರೆ. ಸಡಿಲ ಅನ್ನುವ ಮಾತು ಕಿವಿಗೆ ಬಿದ್ದರೆ ಇಂದಿಗೂ ನನ್ನ ಕೈ ತಾನಾಗಿ ಸ್ಪ್ಯಾನರ್ ಹುಡುಕುತ್ತದೆ.

ಕೊನೆಗೆ ಮಿರೆಲ್ಲಾಳೇ ಆರಿಸಿದಳು. ಕಾರು ಎರಡು ಬೆರಳಿನಷ್ಟೇ ಇಳಿಯುವ ಸ್ಪ್ರಿಂಗು, ಜೊತೆಗೆ ತಲೆಯ ಮೇಲೆ ತಿರುಪು ಇರುವ ಶಾಕು. ತಿರುಪನ್ನು ಬಲಕ್ಕೆ ತಿರುಗಿಸಿದರೆ ಟಕ್ ಟಕ್ ಎಂದು ಒಂದೊಂದೇ ಹೆಜ್ಜೆ ಗಟ್ಟಿಯಾಗುತ್ತದೆ, ಎಡಕ್ಕೆ ತಿರುಗಿಸಿದರೆ ಮೆತ್ತಗಾಗುತ್ತದೆ. ಶನಿವಾರ ಮಧ್ಯಾಹ್ನ ನನ್ನ ಶೆಡ್ಡಿನಲ್ಲೇ ಮೂವರೂ ಸೇರಿ ಕೂರಿಸಿದೆವು. ಮುಗಿದ ಮೇಲೆ ಕಿಟ್ಟೊ ಒಂದೊಂದೇ ತಿರುಪು ಹಿಡಿದು ಎಣಿಸಿದ.

"ಪೂರ್ತಿ ಬಿಗಿದು, ಅಲ್ಲಿಂದ ಸಡಿಲ ಮಾಡ್ಕೊಂಡ್ ಬರ್ಬೇಕು ಮಿರೆಲ್ಲಾ. ಮುಂದಿನ ಚಕ್ರಕ್ಕೆ ಹನ್ನೆರಡು ಟಕ್, ಹಿಂದಿನ ಚಕ್ರಕ್ಕೆ ಹದಿನಾರು. ಮೊದಮೊದಲು ಒರಟು ಅನ್ಸತ್ತೆ, ಹೆದರ್ಬೇಡ, ಹೊಸ ಶಾಕ್ ಹಾಗೇ."

ಕತ್ತಲಾಗುವ ಹೊತ್ತಿಗೆ ಮಿರೆಲ್ಲಾ ಸುಸ್ತಾಗಿದ್ದಳು. ಕಾರು ಓಡಿಸಿ ನೋಡಲಿಲ್ಲ, ನಮ್ಮ ಮನೆಯಲ್ಲೇ ಮಲಗಿದಳು.

ಬೆಳಿಗ್ಗೆ ಐದೂವರೆಗೆ ಎಚ್ಚರವಾಯಿತು. ಹದಿನಾರು ಟಕ್ ಸಡಿಲ! ಅದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಕಿಟ್ಟೊಗೇನು, ಅವನ ಮಗಳೇ ಅದರಲ್ಲಿ ಕೂರುವುದು? ಪಕ್ಕದಲ್ಲಿ ಹೆಂಡತಿ ಅಸ್ಸುಂತಾ ಗೊರಕೆ ಹೊಡೆಯುತ್ತಿದ್ದಳು. ಚಪ್ಪಲಿ ಕೈಯಲ್ಲಿ ಹಿಡಿದು, ನನ್ನದೇ ಮನೆಯಲ್ಲಿ ಕಳ್ಳನ ಹಾಗೆ ಶೆಡ್ಡಿಗೆ ಹೋದೆ. ಬಾನೆಟ್ ಎತ್ತಿ ಮುಂದಿನ ಎರಡು ತಿರುಪು, ಡಿಕ್ಕಿ ತೆರೆದು ಹಿಂದಿನ ಎರಡು ತಿರುಪು. ನಾಲ್ಕನ್ನೂ ಇನ್ನು ತಿರುಗುವುದಿಲ್ಲ ಅನ್ನುವ ತನಕ ಬಿಗಿದೆ. ಬಂಪರ್ ಮೇಲೆ ಕೈಯೂರಿ ಒತ್ತಿದರೆ ಕಾರು ಜಪ್ಪಯ್ಯ ಅನ್ನಲಿಲ್ಲ. ಮಗುವಿಗೆ ಕಂಬಳಿ ಹೊದಿಸಿ ಬಂದಷ್ಟು ನೆಮ್ಮದಿಯಾಯಿತು ನನಗೆ.

ಏಳಕ್ಕೆ ಮಿರೆಲ್ಲಾ ಹೊರಟಳು.

"ಹುಷಾರು ಕಣೇ."

"ನಿನ್ ಶೆಡ್ಡಲ್ಲೇ ಕೂರಿಸಿದ್ದಲ್ವಾ ಪಪ್ಪ? ಇನ್ನೂ ಎಂಥ ಭಯ?" ಎಂದು ನನ್ನ ಕೆನ್ನೆ ಹಿಂಡಿ ಹೋದಳು.

ಕಿಟ್ಟೊ ಬಂದಾಗ ಏಳೂ ಇಪ್ಪತ್ತು. ಸ್ಪ್ರಿಂಗ್ ಅದುಮುವ ಸಾಮಾನು ಇಲ್ಲೇ ಬಿಟ್ಟುಹೋಗಿದ್ದ. ಅಸ್ಸುಂತಾ ಕಾಫಿ ಕೊಟ್ಟಳು. ನನಗೆ ಸುಮ್ಮನಿರಲು ಆಗಬೇಕಲ್ಲ! ಜಾಣತನ ತೋರಿಸುವ ಆಸೆ.

"ಅಲ್ಲೋ ಕಿಟ್ಟೊ, ಸುಮ್ನೆ ಕೇಳ್ತೀನಿ. ಆ ತಿರುಪು ನಾಲ್ಕೂ ಪೂರ್ತಿ ಬಿಗಿದ್ರೆ ಇನ್ನೂ ಭದ್ರ ಅಲ್ವಾ?"

ಅವನು ನಕ್ಕ. "ಭದ್ರ! ನೇರ ಹೊಳೆಗೇ ಹೋಗೋಕೆ ಭದ್ರ. ಲಾರಿಗೆ ಭಾರ ಇದೆ, ಅದು ಚಕ್ರಾನ ನೆಲಕ್ಕೆ ಒತ್ತಿ ಹಿಡಿಯತ್ತೆ. ಇದು ಹಗುರ. ಅಷ್ಟು ಬಿಗಿದ್ರೆ ಗುಂಡಿ ಮೇಲೆ ಹೋದಾಗ ಚಕ್ರ ಕೆಳಗಿಳಿಯೋದೇ ಇಲ್ಲ, ಗಾಳೀಲೇ ಇರತ್ತೆ. ತಿರುವಲ್ಲಿ ಹಿಂದಿನ ಚಕ್ರ ಗಾಳೀಲಿದ್ರೆ ಏನಾಗತ್ತೆ ಅಂತ ನಿನಗೆ ನಾನು ಹೇಳ್ಬೇಕಾ?"

ಕಪ್ಪು ಕೆಳಗಿಡಲು ಹೋದೆ. ಕಪ್ಪು ಮಗುಚಿ ಕಾಫಿ ಮೇಜಿನ ತುಂಬ ಹರಿಯಿತು. ಕಿಟ್ಟೊ ನನ್ನ ಮುಖವನ್ನೇ ನೋಡಿದ, ಅವನ ನಗು ಹೋಯಿತು.

"ಕೋಸಿಮೊ. ಏನ್ ಮಾಡ್ದೆ?"

"ನಾಲ್ಕೂ," ಎಂದೆ. ಅಷ್ಟೇ ಹೊರಬಂತು.

"ಅಯ್ಯೋ ದೇವರೇ. ಫೋನ್ ಮಾಡು!"

ಮಾಡಿದೆ. ಆ ಕಣಿವೆಯಲ್ಲಿ ಯಾರ ಫೋನೂ ಹತ್ತುವುದಿಲ್ಲ, ನನಗೆ ಗೊತ್ತಿತ್ತು, ಆದರೂ ಮೂರು ಸಲ ಮಾಡಿದೆ. "ಮಗೂಗೆ ಏನಾಯ್ತು? ಯಾರಾದ್ರೂ ಬಾಯಿ ಬಿಡ್ರೋ!" ಎಂದು ಅಸ್ಸುಂತಾ ಕೂಗುತ್ತಿದ್ದಳು. ಅವಳಿಗೆ ಹೇಳುವ ಕೆಲಸವನ್ನು ಕಿಟ್ಟೊಗೆ ಬಿಟ್ಟು ನನ್ನ ಪಿಕಪ್ ಹತ್ತಿದೆ.

ನೇರ ಗಾರ್ಜ್ ರೋಡಿಗೆ ತಿರುಗಿಸಿದೆ. ಸಾಲು ಸಾಲು ಸೈಕಲ್ಲಿನವರು ಅಡ್ಡ. ಹಾರ್ನ್ ಹೊಡೆದರೆ ಬೈದರು, ಸರಿಯಾಗಿಯೇ ಬೈದರು. ಒಂದೊಂದು ತಿರುವಿಗೂ ಕತ್ತು ಉದ್ದ ಮಾಡಿ ಕೆಳಗೆ ಹೊಳೆಯ ಕಡೆ ನೋಡುತ್ತಿದ್ದೆ. ಕೆಂಪು ಕಾಣಬಾರದು, ಕೆಂಪು ಕಾಣಬಾರದು ದೇವರೇ. ಒಂದು ಕಡೆ ಪೊದೆಯೊಳಗೆ ಕೆಂಪಗೆ ಏನೋ ಕಂಡು ನನ್ನ ಜೀವವೇ ಬಾಯಿಗೆ ಬಂತು. ಯಾರೋ ಎಸೆದ ಪ್ಲಾಸ್ಟಿಕ್ ಡಬ್ಬ. ನಿಲ್ಲಿಸಿ ಇಳಿದು ಬಗ್ಗಿ ನೋಡಿ, ಡಬ್ಬವೇ ಎಂದು ಖಾತ್ರಿ ಮಾಡಿಕೊಂಡು ಮತ್ತೆ ಹತ್ತಿದೆ. "ನಾನೇ ಕೊಂದೆ" ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದೆ, ಒಬ್ಬನೇ, ಪಿಕಪ್ಪಿನಲ್ಲಿ.

ಹೊಳೆಗೆ ಕಟ್ಟಿದ ಅಣೆಕಟ್ಟು ದಾಟಿದ ಮೇಲಿನ ಮೂರನೇ ತಿರುವಿನಲ್ಲಿ ಟೈರಿನ ಕರೀ ಗೆರೆಗಳು. ರಸ್ತೆಗೆ ಅಡ್ಡಡ್ಡವಾಗಿ, ಬಿಲ್ಲಿನಂತೆ ಬಾಗಿ, ಹೊಳೆಯ ಕಡೆಗೆ. ಅದರ ಕೊನೆಯಲ್ಲಿ ಜಲ್ಲಿಯ ಮೇಲೆ ಕೆಂಪು ಕಾರು, ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತ್ತು. ಹಿಂದಿನ ಚಕ್ರದಿಂದ ಕಣಿವೆಯ ಅಂಚಿಗೆ ಒಂದು ಮೊಳ. ಅಳೆದು ನೋಡಿಲ್ಲ. ಒಂದು ಮೊಳ, ಅಷ್ಟೇ.

ಮಿರೆಲ್ಲಾ ಬಂಡೆಗೆ ಒರಗಿ ಕೂತಿದ್ದಳು. ಗೀರು ಸಹ ಆಗಿರಲಿಲ್ಲ. ಅವಳ ತಲೆ, ಭುಜ, ಕೈ ಎಲ್ಲ ತಡವಿ ನೋಡಿದೆ, ಎರಡೆರಡು ಸಲ.

"ನಿಧಾನಕ್ಕೇ ಇದ್ದೆ ಪಪ್ಪ. ನಿನ್ನಾಣೆ, ಐವತ್ತೂ ಇರ್ಲಿಲ್ಲ. ನಾನೇ ಕೊನೇಲಿದ್ದೆ, ಗುಂಪಿನವ್ರು ಯಾರಿಗೂ ಗೊತ್ತಾಗಿಲ್ಲ. ತೇಪೆ ಮೇಲೆ ಹೋಯ್ತು, ಹಿಂದೆ ಏನೂ ಇಲ್ಲ ಅನ್ನಿಸ್ತು. ನೆಲಾನೇ ಇಲ್ಲ. ಸುತ್ತಿಬಿಡ್ತು." ಅವಳ ಹಲ್ಲು ಕಟಕಟ ಅನ್ನುತ್ತಿತ್ತು. "ಹೊಸ ಶಾಕ್, ಹೊಸ ಸ್ಪ್ರಿಂಗ್, ಎಲ್ಲಾ ಸರಿಯಿತ್ತು. ನಾನೇ ಸರಿಯಿಲ್ಲ. ನೀನು ಹೇಳ್ತಾನೇ ಇದ್ದೆ. ತಗೋ. ಮಾರಿಬಿಡು."

ಕೀಯನ್ನು ನನ್ನ ಅಂಗೈಯಲ್ಲಿಟ್ಟಳು.

ಎರಡು ವರ್ಷದಿಂದ ನಾನು ಬೇಡಿಕೊಂಡಿದ್ದು ಅದನ್ನೇ. ಈಗ ತಾನಾಗಿ ಕೈಗೆ ಬಂದಿತ್ತು. ನಾನು ಏನೂ ಮಾಡಬೇಕಿರಲಿಲ್ಲ, ಬಾಯಿ ಮುಚ್ಚಿಕೊಂಡು ನಿಂತರೆ ಸಾಕಿತ್ತು. ಕಿಟ್ಟೊನ ಬಾಯಿ ಹೇಗಾದರೂ ಮುಚ್ಚಿಸಬಹುದು. ಇನ್ನು ಭಾನುವಾರ ಕಿಟಕಿ ಇಲ್ಲ, ಗಡಿಯಾರ ಇಲ್ಲ, ಈ ಹಾಳು ರಸ್ತೆ ಇಲ್ಲ. ನಾನು ಮುಷ್ಟಿ ಮುಚ್ಚಿದ್ದೂ ಸುಳ್ಳಲ್ಲ. ಕೀ ಒಳಗಿತ್ತು.

"ಆಯ್ತಮ್ಮ," ಎಂದೆ. "ಮನೆಗೆ ಹೋಗೋಣ ಏಳು."

ಅವಳು ಏಳಲಿಲ್ಲ. ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ಯಾರದ್ದೋ ಕೈ ನೋಡುವ ಹಾಗೆ ನೋಡುತ್ತಿದ್ದಳು.

"ನಾಳೆ ಆರು ಗಂಟೆಗೆ ಡ್ಯೂಟಿ ಪಪ್ಪ. ಹಿಂದೆ ಮಂಚದ ಮೇಲೆ ಯಾರದ್ದೋ ತಾಯಿ ಇರ್ತಾಳೆ. ಹೆಂಗ್ ಓಡಿಸ್ಲಿ? ಐವತ್ತರಲ್ಲಿ ನೆಟ್ಟಗೆ ಒಂದು ತಿರುವು ತಗೊಳ್ಳೋಕಾಗ್ಲಿಲ್ಲ ನನಗೆ. ಆಂಬುಲೆನ್ಸೂ ಬಿಟ್ಬಿಡ್ತೀನಿ. ಆಫೀಸಲ್ಲಿ ಕೂತು ಫೋನ್ ಎತ್ತೋ ಕೆಲ್ಸ ಕೇಳ್ತೀನಿ."

ಹೊಳೆಗೆ ಬಿದ್ದಿದ್ದರೆ ಒಂದೇ ಸಲ ಹೋಗುತ್ತಿದ್ದಳು. ಈಗ ನಾನು ಬಾಯಿ ಮುಚ್ಚಿಕೊಂಡರೆ ಉಳಿದ ಆಯುಷ್ಯವೆಲ್ಲ ತನ್ನ ಕೈಗೇ ಹೆದರಿಕೊಂಡು ಬದುಕುತ್ತಾಳೆ. ನನ್ನ ಹಾಗೆ. ನನಗೆ ನನ್ನ ಮೇಲೆ ಹೇಸಿಗೆಯಾಯಿತು.

"ನಿನ್ ತಪ್ಪಲ್ಲ," ಎಂದೆ. "ಬೆಳಿಗ್ಗೆ ನೀನು ಮಲಗಿದ್ದಾಗ ಆ ತಿರುಪು ನಾನು ಬಿಗಿದೆ. ಪೂರ್ತಿ. ನಿನಗೆ ಭದ್ರ ಇರ್ಲಿ ಅಂತ."

ಅವಳು ನನ್ನನ್ನು ನೋಡಿದ ನೋಟ ಸಾಯುವ ತನಕ ಮರೆಯುವುದಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ನಾಲ್ಕೂನಾ?"

"ನಾಲ್ಕೂ."

"ಕೀ ತೆಗೆದಿಟ್ಕೊಂಡ್ಯಲ್ಲ ಪಪ್ಪ. 'ಆಯ್ತಮ್ಮ' ಅಂದ್ಯಲ್ಲ."

ಅವಳೇ ನನ್ನ ಬೆರಳು ಬಿಡಿಸಿ ಕೀ ತೆಗೆದುಕೊಂಡಳು. ಕಾರನ್ನು ಅಂಚಿನಿಂದ ಈಚೆಗೆ ತಂದು ಬಾನೆಟ್ ಎತ್ತಿದಳು. ಸಹಾಯಕ್ಕೆ ಹೋದೆ. "ಮುಟ್ಬೇಡ" ಎಂದಳು. ಒಂದೊಂದೇ ತಿರುಪು ಸಡಿಲಿಸುತ್ತಾ ಬಾಯಲ್ಲಿ ಎಣಿಸಿದಳು. ಮೊದಲ ತಿರುಪಿನಲ್ಲಿ ಬೆರಳು ಎರಡು ಸಲ ಜಾರಿತು, ಮತ್ತೆ ಪೂರ್ತಿ ಬಿಗಿದು ಮೊದಲಿಂದ ಎಣಿಸಿದಳು. ನಾಲ್ಕನೆಯದಕ್ಕೆ ಬರುವಾಗ ಕೈ ನಡುಗುತ್ತಿರಲಿಲ್ಲ. ಕೊನೆಯಲ್ಲಿ ಬಂಪರ್ ಒತ್ತಿ ನೋಡಿದಳು. ಕಾರು ಒಂದು ಸಲ ತಗ್ಗಿ, ಎದ್ದು, ಸುಮ್ಮನಾಯಿತು.

ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡಳು. ಕಿಟಕಿಯ ಗಾಜು ಇಳಿದಿತ್ತು.

"ಭಯ ಆದ್ರೆ ನನ್ನ ಹತ್ರ ಹೇಳು ಪಪ್ಪ. ಕಾರಿಗೆ ಹೇಳ್ಬೇಡ."

"ಈಗ ಭಯ ಆಗ್ತಿದೆ ಕಣೇ," ಎಂದೆ. "ತುಂಬಾ ಭಯ ಆಗ್ತಿದೆ. ಕೆಳಗೆ ಹೋಗೋಣ. ನನ್ ಹಿಂದೇನೇ ಮೆತ್ತಗೆ ಬಾ."

"ನನಗೂ ಆಗ್ತಿದೆ," ಎಂದಳು.

ಕಾರನ್ನು ತಿರುಗಿಸಿ, ಲೋಬೆತಾಲಿನ ಕಡೆಗೆ, ಮೇಲಕ್ಕೆ ಹಿಡಿದಳು. ತೇಪೆಯ ಮೇಲೆ ಚಕ್ರ ನೆಲಕ್ಕೆ ಅಂಟಿಕೊಂಡೇ ಹೋಯಿತು. ಮುಂದಿನ ತಿರುವಿನಲ್ಲಿ ಕಾರು ಮರೆಯಾಯಿತು, ಆಮೇಲೆ ಸದ್ದು ಮಾತ್ರ. ಓಡಿಹೋಗಿ ಅಡ್ಡ ನಿಲ್ಲಬೇಕು ಎಂದು ಮೈಯ ಒಂದೊಂದು ಮೂಳೆಯೂ ಕೂಗುತ್ತಿತ್ತು. ನಾನು ನಿಂತಲ್ಲೇ ನಿಂತಿದ್ದೆ.