ಗೋಡೆಗೆ ಹಿಂಡಿದ ಹಾಲು

ನಾನು ಒಂದು ಪ್ರತಿಕಾಯ, ಡಾಕ್ಟರರ ಮಾತಿನಲ್ಲಿ ಆಂಟಿಬಾಡಿ. ಹೆಸರು ಕೇಳಿ ಕತ್ತಿ ಗುರಾಣಿ ಹಿಡಿದ ಬಂಟನೆಂದು ತಿಳಿಯಬೇಡಿ. ಪ್ರೋಟೀನಿನ ಎಳೆಯನ್ನು ಮಡಿಚಿ ಮಡಿಚಿ ಮಾಡಿದ ಒಂದು ಚೂರು ನಾನು. ಧೂಳಿನ ಕಣವೂ ನನ್ನ ಮುಂದೆ ಗುಡ್ಡ. ಕಣ್ಣಿಲ್ಲ, ಬಾಯಿಲ್ಲ, ಕಚ್ಚಲು ಹಲ್ಲಿಲ್ಲ. ಇರುವುದು ನಾಲ್ಕು ಕೈ ಮತ್ತು ಅವು ಸಾಲದಷ್ಟು ಹೆದರಿಕೆ.

ನಾನು ಹುಟ್ಟಿದ್ದು ದಾನಮ್ಮನೆಂಬ ಹೆಣ್ಣುಮಗಳ ಎದೆಯಲ್ಲಿ. ಆದರೆ ನನ್ನ ಹುಟ್ಟಿಗೆ ಕಾರಣ ಒಂದು ತಂಬಿಗೆ ನೀರು. ಚೊಚ್ಚಲ ಬಸುರಿ ದಾನಮ್ಮ ಕುಬಸದ ಸೀಮಂತ ಶಾಸ್ತ್ರ ಮುಗಿಸಿಕೊಂಡು ಹೆರಿಗೆಗೆ ತವರಿಗೆ ಬಂದಿದ್ದಳು. ಅದು ಮಗ್ಗಗಳ ಊರು. ಅಲ್ಲಿ ನಲ್ಲಿಗೆ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದಾಗ ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ತುಂಬಿಟ್ಟು ಮುಂದಿನ ಸರದಿಯವರೆಗೆ ಅದನ್ನೇ ಕುಡಿಯಬೇಕು. ಆ ತೊಟ್ಟಿಯಲ್ಲಿ ಒಂದು ಬ್ಯಾಕ್ಟೀರಿಯಾ ಸಂಸಾರ ಹೂಡಿತ್ತು. ಮನೆಯವರ ಹೊಟ್ಟೆಗೆ ಅದು ಒಗ್ಗಿಹೋಗಿತ್ತು. ಗಂಡನ ಊರಿನ ನೀರು ಕುಡಿದು ಬಂದ ದಾನಮ್ಮ ಮಾತ್ರ ವಾಂತಿಭೇದಿ ಹಿಡಿದು ಹಾಸಿಗೆಗೆ ಬಿದ್ದಳು.

ಆಗ ಅವಳ ಕರುಳಿನ ಗೋಡೆಯಲ್ಲಿ ಕಾವಲು ಕೋಶಗಳು ಎದ್ದು ಕೂತವು. ಒಂದೊಂದು ಕೋಶಕ್ಕೂ ಒಂದೊಂದು ಆಕಾರದ ಕೈ. ಬಂದವನನ್ನು ಮುಟ್ಟಿ ನೋಡುವುದು, ಕೈಗೆ ಕೂರದಿದ್ದರೆ ಬಿಡುವುದು, ಇಷ್ಟೇ ಅವುಗಳ ಕೆಲಸ. ಈ ಬ್ಯಾಕ್ಟೀರಿಯಾದ ಮೈತುಂಬ ಕೂದಲಿನಂಥ ಎಳೆಗಳಿವೆ. ಆ ಎಳೆಗಳಿಂದಲೇ ಅದು ಕರುಳಿಗೆ ಕಚ್ಚಿಕೊಳ್ಳುವುದು. ಲಕ್ಷಗಟ್ಟಲೆ ಕೋಶಗಳಲ್ಲಿ ಯಾವುದೋ ಒಂದರ ಕೈಗೆ ಆ ಎಳೆಯ ತುದಿ ಬಳೆಗಾರ ಅಳತೆ ನೋಡಿ ತೊಡಿಸಿದ ಬಳೆಯಂತೆ ಕೂತಿತು. ಅದೇ ನನ್ನ ಹೆತ್ತ ಕೋಶ. ಒಂದು ಹಲವಾಗಿ, ಬಸುರಿಯ ಮೈ ಕರೆದ ಕಡೆಗೆ ರಕ್ತದಲ್ಲಿ ತೇಲಿಹೋಗಿ, ಅವಳ ಎದೆಯಲ್ಲಿ ಮಗ್ಗ ಹೂಡಿ ಅದು ನಮ್ಮನ್ನು ನೇಯ್ದಿತು.

ಆ ಊರಿನ ಸೀರೆಗೆ ಮೈಯನ್ನೂ ಸೆರಗನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಹಾಗೆಯೇ ನಮ್ಮನ್ನೂ ಎರಡೆರಡಾಗಿ ಬೆನ್ನಿಗೆ ಬೆನ್ನು ಕೊಂಡಿ ಹಾಕಿ, ಹಾಲಿನ ಕಾಲುವೆಗೆ ಇಳಿಸುವಾಗ ಮೇಲೊಂದು ಹೊದಿಕೆ ಹೊದಿಸಿ ಕಳಿಸಿದರು. ಹೋಗುವ ದಾರಿಯಲ್ಲಿ ಹುಟ್ಟಲಿರುವ ಕೂಸಿನ ಹೊಟ್ಟೆಯ ರಸ ನಮ್ಮನ್ನು ಜೀರ್ಣಿಸಿಕೊಳ್ಳದಿರಲಿ ಎಂದು ಆ ಹೊದಿಕೆ. ಅದನ್ನು ಕೇಳಿಯೇ ನನ್ನ ಜೀವ ಅರ್ಧ ಹೋಯಿತು. ಹೊದಿಕೆ ಬೇಕಾದ ಊರಿಗೆ ಯಾರಾದರೂ ಖುಷಿಯಿಂದ ಹೊರಡುತ್ತಾರೆಯೇ?

ಇನ್ನೊಂದು ಹೆದರಿಕೆ ಹುಟ್ಟಿನಿಂದಲೇ ಬಂದದ್ದು. ನಮ್ಮ ಕುಲದಲ್ಲಿ ಸ್ವಂತದವರನ್ನು, ಅಂದರೆ ಆ ಮೈಯದೇ ಕೋಶಗಳನ್ನು, ಹಿಡಿಯುವ ಕೈ ಮೂಡಿದರೆ ಆ ಕೋಶವನ್ನು ಎಳವೆಯಲ್ಲೇ ಮುಗಿಸಿಬಿಡುತ್ತಾರೆ. ಒಂದೊಂದು ಕಣ್ತಪ್ಪಿ ಉಳಿಯುವುದೂ ಉಂಟು. ನನ್ನ ಕೈ ಸರಿಯಾಗಿದೆಯೇ, ನಾನು ಹಿಡಿಯಬಾರದವರನ್ನು ಹಿಡಿದರೆ ಹೇಗೆ ಎಂದು ಹಾಲಿನಲ್ಲಿ ತೇಲುತ್ತ ಅದನ್ನೇ ಯೋಚಿಸುತ್ತಿದ್ದೆ.

ಎದೆಯೊಳಗೆ ಇದ್ದವರಿಗೆ ಕಿವಿ ಬೇಕಿಲ್ಲ. ಹೊರಗಿನ ಮಾತು ಎಲುಬಿನಲ್ಲಿ ನಡುಗಿ ತಾನೇ ಒಳಗೆ ಬರುತ್ತದೆ. ಹಗಲೆಲ್ಲ ಮಗ್ಗದ ಸದ್ದು, ಅದರ ನಡುವೆ ದಾನಮ್ಮನ ತಾಯಿ ಸಾವಂತ್ರೆವ್ವನ ದನಿ. ಆಕೆ ನೂಲನ್ನು ಎರಡು ಬೆರಳ ನಡುವೆ ತಿಕ್ಕಿದರೆ ಸಾಕು, ಅಸಲಿಯೋ ನಕಲಿಯೋ ಹೇಳುತ್ತಿದ್ದಳಂತೆ. ಮುಟ್ಟಿ ಗುರುತು ಹಿಡಿಯುವವಳು, ನಮ್ಮವಳೇ ಎಂದು ನಾನು ಸಮಾಧಾನಪಟ್ಟುಕೊಂಡೆ.

ಹೆರಿಗೆ ದಿಢೀರನೆ ಮನೆಯಲ್ಲೇ ಆಯಿತು. ಹೆಣ್ಣು ಕೂಸು. ಅದರ ಅಳು ಕೇಳಿದೊಡನೆ ಹಾಲೆಲ್ಲ ಮುಂದಕ್ಕೆ ನುಗ್ಗಿತು. ಹೊರಡುವ ಹೊತ್ತು ಬಂತೆಂದು ನಾವೆಲ್ಲ ಬಾಗಿಲಲ್ಲಿ ನಿಂತೆವು. ಅಷ್ಟರಲ್ಲಿ ಸಾವಂತ್ರೆವ್ವನ ಮಾತು ಬಂತು.

"ಇದು ಹೊಲಸ ಹಾಲವಾ. ನೋಡು, ಕೀವಿನಂಗ ಹಳದಿ ಐತಿ. ಬಿಳೇ ಹಾಲು ಬರೂತನಕ ಹಿಂಡಿ ಚೆಲ್ಲು. ಕೂಸಿಗೆ ಬೆಲ್ಲದ ನೀರು ಸಾಕು."

ನನ್ನ ಮುಂದಿದ್ದವರನ್ನೆಲ್ಲ ಹಿತ್ತಲ ಗೋಡೆಗೆ ಹಿಂಡಿದರು. ಬಿಸಿಲಿಗೆ ಕಾದ ಗೋಡೆ. ಅವರಲ್ಲಿ ಒಬ್ಬರೂ ತಿರುಗಿ ಬರಲಿಲ್ಲ. ಹೊತ್ತು ಹೊತ್ತಿಗೆ ಸಾವಂತ್ರೆವ್ವನ ಬೆರಳುಗಳು ಬರುತ್ತಿದ್ದವು, ಒತ್ತುತ್ತಿದ್ದವು, ಒಂದು ಸಾಲು ಹೋಗುತ್ತಿತ್ತು. ನಾನು ಕಾಲುವೆಯ ಗೋಡೆಗೆ ಆತು ಹಿಂದೆ ಹಿಂದೆ ಸರಿದೆ. ಇದನ್ನು ಧೈರ್ಯ ಎನ್ನುವವರಿದ್ದರೆ ಎನ್ನಲಿ, ನನಗೆ ಗೊತ್ತಿದ್ದದ್ದು ಜೀವದಾಸೆ ಒಂದೇ.

ಅದಕ್ಕಿಂತ ದೊಡ್ಡ ಭಯ ಬೆಲ್ಲದ ನೀರಿನದು. ಬೆಲ್ಲ ಕದಡಿದ್ದು ಯಾವ ನೀರಿನಲ್ಲಿ? ಅದೇ ತೊಟ್ಟಿಯದು. ಯಾವ ಬ್ಯಾಕ್ಟೀರಿಯಾಕ್ಕಾಗಿ ನಮ್ಮನ್ನು ನೇಯ್ದರೋ ಅದನ್ನೇ ಅರಳೆಯ ಬತ್ತಿಯಲ್ಲಿ ಹೀರಿಸಿ ಕೂಸಿನ ಬಾಯಿಗೆ ಹಿಂಡುತ್ತಿದ್ದರು, ನಮ್ಮನ್ನು ಗೋಡೆಗೆ ಹಿಂಡುತ್ತಿದ್ದರು. ಕೂಗಿ ಹೇಳೋಣವೆಂದರೆ ನನಗೆ ಬಾಯಿಲ್ಲವಲ್ಲ.

ಮರುದಿನವೇ ಕೂಸು ನೀರುನೀರಾಗಿ ಭೇದಿ ಮಾಡತೊಡಗಿತು. ಅಳು ಸಣ್ಣದಾಯಿತು. ಮಧ್ಯಾಹ್ನದ ಹೊತ್ತಿಗೆ ಅಳುವೂ ನಿಂತಿತು. ಮಗ್ಗದ ಸದ್ದೂ ನಿಂತಿತು. ದಾನಮ್ಮನ ಅಪ್ಪ ದೊಡ್ಡೂರಿನ ದವಾಖಾನೆಗೆ ಒಯ್ಯಲು ಆಟೋ ತರಲೆಂದು ಓಡಿದ. ಮನೆಯಲ್ಲಿ ಉಳಿದವರು ತಾಯಿ, ಮಗಳು ಮತ್ತು ಕೈಯಲ್ಲಿ ಸೋತು ಮಲಗಿದ ಕೂಸು. ದಾನಮ್ಮನ ಗುಂಡಿಗೆ ನನ್ನ ಪಕ್ಕದಲ್ಲೇ ಹೊಡೆದುಕೊಳ್ಳುತ್ತಿತ್ತು. ಅಷ್ಟು ಭಯವನ್ನು ನಾನು ಎಂದೂ ಕೇಳಿರಲಿಲ್ಲ.

"ಯವ್ವಾ, ಎಮ್ಮಿ ಈದರ ಮೊದಲ ಗಿಣ್ಣ ಯಾರಿಗೆ ಬಿಡ್ತಿ?" ಎಂದಳು ದಾನಮ್ಮ.

"ಈಗ್ಯಾಕ ಆ ಮಾತು?"

"ಕರಕ್ಕ ಬಿಡ್ತಿ. ಸಣ್ಣವರಿದ್ದಾಗ ನಾವು ಗಿಣ್ಣ ಬೇಡಿ ಅತ್ತರ, ಮೊದಲ ಕರ ಕುಡೀಲಿ, ಇಲ್ಲಂದ್ರ ಸಾಯ್ತೈತಿ ಅಂತ ಬೈತಿದ್ದಿ. ನನ್ನ ಮಗಳು ಕರಕ್ಕಿಂತ ಕಡಿಮಿ ಆದಳೇನಬೇ?"

ಸಾವಂತ್ರೆವ್ವನ ದನಿ ಬೇರೆಯೇ ಆಯಿತು.

"ನಿನಗ ಹೇಳಿಲ್ಲ. ನಿನ್ನಕಿಂತ ಮೊದಲ ಒಂದು ಗಂಡು ಹುಟ್ಟಿತ್ತು. ಎಲ್ಲಾರೂ ಬ್ಯಾಡ ಅಂದರೂ ಎದಿ ಬಿಗದು ತಡಿಯಲಾರದ ನಾ ಮೊದಲ ಹಾಲು ಕುಡಿಸಿದೆ. ಹೆಸರಿಡೂದರಾಗ ಹೋತು. ನಿನ್ನ ಹಾಲ ತಿಂತು ಕೂಸನ್ನ ಅಂದರು ಅತ್ತಿ. ಸಾಯೂತನಕ ಅಂದರು."

ಅವಳು ನಮ್ಮನ್ನು ಗೋಡೆಗೆ ಹಿಂಡಿದ್ದು ಹೆದರಿಕೆಯಿಂದ. ಅದು ತಿಳಿದ ಮೇಲೆ ಅವಳ ಮೇಲಿದ್ದ ಸಿಟ್ಟು ಇಳಿದುಹೋಯಿತು. ಹೆದರಿದವರ ಸಂಕಟ ಹೆದರಿದವರಿಗೇ ಗೊತ್ತು.

"ಅದಕ್ಕೂ ಬೆಲ್ಲದ ನೀರು ಕೊಟ್ಟಿದ್ದೇನು?" ಎಂದಳು ದಾನಮ್ಮ.

"ಕೊಟ್ಟಿದ್ದೆ. ಅದನ್ನ ಯಾರು ಕೊಡಂಗಿಲ್ಲ?"

"ಯಾವ ನೀರು?"

ಸಾವಂತ್ರೆವ್ವ ಬೆಲ್ಲದ ನೀರಿನ ಬಟ್ಟಲನ್ನು ದೂರ ಸರಿಸಿದ ಸದ್ದು ಬಂತು.

"ನಾ ಬಂದಾಗ ಅದ ತೊಟ್ಟಿ ನೀರು ಕುಡದ ಬಿದ್ದಿದ್ದೆ, ಯವ್ವಾ."

ದಾನಮ್ಮ ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಸಾವಂತ್ರೆವ್ವ ತಡೆಯಲಿಲ್ಲ. ಕೂಸಿನ ತುಟಿ ಮೊದಲು ಹಿಡಿಯಲಿಲ್ಲ, ಜಾರಿತು. ದಾನಮ್ಮ ಒಂದು ಹನಿ ಹಿಂಡಿ ನಾಲಿಗೆಗೆ ಸವರಿದಳು. ಆಮೇಲೆ ಹಿಡಿಯಿತು. ಆ ಎಳೆತಕ್ಕೆ ನಾನು ಗೋಡೆ ಬಿಟ್ಟು ಹೊರಟೆ.

ಹೊಟ್ಟೆಯ ರಸವನ್ನು ಹೊದಿಕೆಯೊಳಗೆ ಮುದುರಿಕೊಂಡು ದಾಟಿ ಕರುಳಿಗೆ ಬಂದರೆ ಕತ್ತಲು. ಮೊದಲು ಕೈಗೆ ಸಿಕ್ಕಿದ್ದು ಕೂಸಿನದೇ ಕರುಳಿನ ಕೋಶ. ಮುಟ್ಟಿದೆ, ಕೈ ಕೂರಲಿಲ್ಲ, ಬಿಟ್ಟೆ. ಹುಟ್ಟಿದಂದಿನಿಂದ ಹೊತ್ತ ಹೆದರಿಕೆ ಆ ಗಳಿಗೆ ಕೆಳಗಿಳಿಯಿತು. ಆಮೇಲೆ ಸಿಕ್ಕಿದ್ದು ತಾಯಿಯ ಚರ್ಮದಿಂದ ಬಂದ ಯಾವುದೋ ಬಡಪಾಯಿ ಬ್ಯಾಕ್ಟೀರಿಯಾ. ಅದನ್ನೂ ಬಿಟ್ಟೆ. ಮೂರನೆಯದು ತಾನಾಗಿ ಬಂದು ಡಿಕ್ಕಿ ಹೊಡೆಯಿತು. ನನ್ನ ಮುಂದೆ ಅದು ಆನೆ. ಮೈತುಂಬ ಎಳೆಗಳು, ಎಲ್ಲವೂ ಕರುಳಿನ ಗೋಡೆಯತ್ತ ತಡಕಾಡುತ್ತಿದ್ದವು. ಓಡಲು ನನಗೆ ಕಾಲಿಲ್ಲ. ಎಳೆಯ ತುದಿ ಅಂಗೈಗೆ ತಾಗಿತು, ಕೂತಿತು. ಎಂದೂ ನೋಡದಿದ್ದರೂ ಗುರುತು ಸಿಕ್ಕಿತು. ಇದೇ.

ಹಿಡಿದೆ. ನನಗೆ ಕೊಲ್ಲಲು ಬರುವುದಿಲ್ಲ, ಹಿಡಿಯಲು ಮಾತ್ರ ಬರುತ್ತದೆ. ಒಂದು ಕೈಯಲ್ಲಿ ಅದನ್ನು, ಇನ್ನೊಂದು ಕೈಯಲ್ಲಿ ಅದರ ಅಣ್ಣತಮ್ಮನನ್ನು. ನನ್ನ ಹಿಂದೆ ಬಂದ ಓರಗೆಯವರು ಉಳಿದ ಎಳೆಗಳನ್ನು ಹಿಡಿದರು. ಎಳೆಗಳೆಲ್ಲ ನಮ್ಮ ಕೈಯಲ್ಲಿ ಸಿಕ್ಕಿಕೊಂಡ ಮೇಲೆ ಅದಕ್ಕೆ ಕರುಳಿಗೆ ಕಚ್ಚಲು ಏನೂ ಉಳಿಯಲಿಲ್ಲ. ಕೂಸು ಕುಡಿಯುತ್ತಲೇ ಇತ್ತು, ನಮ್ಮವರು ಬರುತ್ತಲೇ ಇದ್ದರು. ಗಂಟುಗಂಟಾಗಿ ಎಲ್ಲರೂ ಕೆಳಕ್ಕೆ ಸರಿದೆವು. ಹೆದರಿಕೆ ಹೋಗಲಿಲ್ಲ, ಆದರೆ ಕೈಯೂ ಸಡಿಲಾಗಲಿಲ್ಲ.

ಆಟೋ ಬಂತು. ದವಾಖಾನೆಯಲ್ಲಿ ಕೂಸಿಗೆ ಸಲೈನ್ ಹಚ್ಚಿದರು, ಎದೆಹಾಲು ಬಿಟ್ಟು ಬೇರೇನೂ ಕೊಡಬೇಡಿ ಎಂದರಂತೆ. ಕೂಸು ಬದುಕಿದ್ದರಲ್ಲಿ ಸಲೈನಿನ ಪಾಲೂ ಇದೆ, ಇಲ್ಲವೆನ್ನುವುದು ನ್ಯಾಯವಲ್ಲ.

ಮನೆಗೆ ಮರಳಿದ ದಿನ ಕೂಸಿನ ಮಲದೊಡನೆ ನಾನು ಹೊರಬಂದೆ. ಈಗ ಇರುವುದು ಕೂಸಿನ ಒಂದು ಹಳೆಯ ಬಟ್ಟೆಯಲ್ಲಿ. ಸಾವಂತ್ರೆವ್ವ ಅದನ್ನು ಹಿತ್ತಲಿಗೆ ತಂದು, ನೂಲು ನೋಡುವಂತೆ ಎರಡು ಬೆರಳ ನಡುವೆ ತಿಕ್ಕಿ, "ಗಟ್ಟಿ ಆಗೇತಿ" ಎಂದು ತನಗೆ ತಾನೇ ಹೇಳಿಕೊಂಡಳು. ಪಕ್ಕದ ಒಲೆಯ ಮೇಲೆ ತೊಟ್ಟಿಯ ನೀರು ಕುದಿಯುತ್ತಿದೆ. ಈಗ ಆ ಮನೆಯಲ್ಲಿ ಕುದಿಸದ ನೀರನ್ನು ಯಾರೂ ಮುಟ್ಟುವುದಿಲ್ಲ. ಬಟ್ಟೆಯೂ ಆ ನೀರಿಗೇ ಹೋಗಬೇಕು. ಅದರಲ್ಲಿ ನನ್ನ ಮಡಿಕೆಗಳೆಲ್ಲ ಬಿಚ್ಚಿಹೋಗುತ್ತವೆ, ಕೈ ಕೈಯಾಗಿ ಉಳಿಯುವುದಿಲ್ಲ. ನಾನು ಹಿಡಿದದ್ದೂ ಉಳಿಯುವುದಿಲ್ಲ. ಅಲ್ಲಿಯವರೆಗೆ ಬಿಡುವಂತಿಲ್ಲ.

ಬಟ್ಟೆ ಕೈಯಲ್ಲೇ ಹಿಡಿದು ಅವಳು ನಿಂತುಬಿಟ್ಟಿದ್ದಾಳೆ. ಎದುರಿಗೆ ಹಾಲು ಹಿಂಡಿದ ಗೋಡೆ. ಒಣಗಿದ ಹಳದಿ ಕಲೆಯನ್ನು ಇನ್ನೊಂದು ಕೈಯ ಬೆರಳಿನಿಂದ ಸವರಿದಳು.

"ದಾನವ್ವಾ," ಎಂದು ಒಳಗೆ ಕೂಸಿಗೆ ಹಾಲೂಡುತ್ತಿದ್ದ ಮಗಳನ್ನು ಕರೆದಳು. "ನನ್ನ ಹಾಲ ಕೆಟ್ಟದ್ದಿರಲಿಲ್ಲ, ಅಲ್ಲೇನವಾ?"

"ಇರಲಿಲ್ಲಬೇ, ಯವ್ವಾ," ಎಂದಳು ದಾನಮ್ಮ ಒಳಗಿನಿಂದ.

ಸಾವಂತ್ರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಬಟ್ಟೆಯನ್ನು ಕುದಿಯುವ ನೀರಿನತ್ತ ಒಯ್ದಳು. ನಾನು ಹೆದರಿದ್ದೇನೆ, ಆದರೆ ಕೈ ಬಿಟ್ಟಿಲ್ಲ.