ಗೋಡೆಯಾಚೆಯ ಸಾಕ್ಷಿ

ಶಾಲೆಯಲ್ಲಿ ಆಟದ ಸಾಮಾನು ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ ಗಣಿತದ ಟೀಚರಿಗೆ ಕೊಟ್ಟಿದ್ದರು. ಖಾಲಿ ಮಾಡಿಸಿದ್ದು ಹೆಸರಿಗಷ್ಟೇ. ಗಾಳಿ ಹೋದ ಚೆಂಡುಗಳು, ಹರಿದ ನೆಟ್ಟು, ಮುರಿದ ಬ್ಯಾಟು ಮೂಲೆಯಲ್ಲಿ ಹಾಗೇ ಬಿದ್ದಿದ್ದವು. ಬಾಗಿಲಿಗೆ ಮಾತ್ರ ‘ವಿದ್ಯಾರ್ಥಿ ನೆರವು ವಿಭಾಗ’ ಎಂಬ ಹೊಸ ಬೋರ್ಡು ಬಂದಿತ್ತು. ಕಾಲೇಜಿಗೆ ಹೋಗುವ ಆಸೆಯಿದ್ದು ಕೈಯಲ್ಲಿ ಕಾಸಿಲ್ಲದ ಮಕ್ಕಳೆಲ್ಲ ಬಂದು ತಟ್ಟುತ್ತಿದ್ದುದು ಇದೇ ಬಾಗಿಲನ್ನು. ಯಾವ ಸಂಸ್ಥೆ ಯಾರಿಗೆ ಕೊಡುತ್ತದೆ, ಏನೇನು ಕೇಳುತ್ತದೆ ಎಂದು ಹುಡುಕಿ ತೆಗೆದು, ಮಕ್ಕಳ ಕೈಲಿ ಅರ್ಜಿ ಬರೆಸಿ, ತಪ್ಪಿದ್ದರೆ ಬೈದು, ಮತ್ತೆ ಬರೆಸಿ ಕಳಿಸುವುದು ಟೀಚರ ಕೆಲಸ. ಇದಕ್ಕೆಂದು ಸಂಬಳವೇನೂ ಹೆಚ್ಚಲಿಲ್ಲ. ‘ಅರ್ಜಿ ಟೀಚರ್’ ಎಂಬ ಅಡ್ಡಹೆಸರು ಪುಕ್ಕಟೆಯಾಗಿ ಸಿಕ್ಕಿತು.

ಆ ವರ್ಷ ಟೀಚರ ನಿದ್ದೆ ಕೆಡಿಸಿದವಳು ಇಸ್ತ್ರಿಯಮ್ಮನ ಮಗಳು. ಇಸ್ತ್ರಿಯಮ್ಮ ಎಂದರೆ ಮನೆಯ ಮುಂಗೋಣೆಯಲ್ಲೇ ಮೇಜು ಹಾಕಿಕೊಂಡು ಬೀದಿಯವರ ಬಟ್ಟೆಗೆಲ್ಲ ಇಸ್ತ್ರಿ ಹಾಕುವ ಹೆಂಗಸು. ಗಂಡ ತೀರಿಕೊಂಡ ಮೇಲೆ ಆ ಪೆಟ್ಟಿಗೆಯ ಬಿಸಿಯಲ್ಲೇ ಮಗಳನ್ನು ಬೆಳೆಸಿದವಳು. ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಒಂದು ಕೈ ಮೇಲು. ಮಗಳಿಗೆ ಪಕ್ಕದ ನಗರದ ಕಾಲೇಜಿನಲ್ಲಿ ಫಾರ್ಮಸಿ ಸೀಟು ಸಿಕ್ಕಿತ್ತು. ತಿಂಗಳ ಕೊನೆಯೊಳಗೆ ಫೀಸು ಕಟ್ಟದಿದ್ದರೆ ಸೀಟು ಇನ್ನೊಬ್ಬರ ಪಾಲು. ಟೀಚರ್ ಹುಡುಕದ ಕಡೆಯಿಲ್ಲ. ಒಂದು ಸಂಸ್ಥೆಗೆ ಹಡಗಿನಲ್ಲಿ ದುಡಿಯುವವರ ಮಕ್ಕಳೇ ಬೇಕು, ಇನ್ನೊಂದಕ್ಕೆ ಅವಳಿ ಜವಳಿಗಳೇ ಆಗಬೇಕು. ಮತ್ತೊಂದಂತೂ ಈಜಿನಲ್ಲಿ ಪದಕ ಗೆದ್ದವರಿಗೆ ಮಾತ್ರ. ಈ ಹುಡುಗಿ ಬಕೆಟ್ಟಿನ ನೀರು ಬಿಟ್ಟು ಬೇರೆ ನೀರಿಗೆ ಇಳಿದವಳೇ ಅಲ್ಲ.

ಕೊನೆಗೆ ಒಂದು ಸಿಕ್ಕಿತು. ಸಾಬೂನು ಮಾರಿ ಸಿರಿವಂತನಾದ ಯಾರೋ ಹಿರಿಯ ಬಿಟ್ಟುಹೋದ ನಿಧಿ. ಫೀಸು, ಹಾಸ್ಟೆಲು, ಪುಸ್ತಕ, ಎಲ್ಲವನ್ನೂ ಕೊಡುತ್ತಾರೆ. ಟೀಚರ್ ಕುರ್ಚಿಯಿಂದ ಎದ್ದು ಗಾಳಿ ಹೋದ ಚೆಂಡೊಂದನ್ನು ಖುಷಿಯಿಂದ ಒದ್ದೇಬಿಟ್ಟರು. ಆಮೇಲೆ ಷರತ್ತು ಓದಿದರು. ನೆಂಟರು ಸುಳ್ಳು ಹೇಳುತ್ತಾರೆ, ಮೇಷ್ಟ್ರುಗಳು ಹೊಗಳುತ್ತಾರೆ, ನಿಜ ಗೊತ್ತಿರುವುದು ನೆರೆಮನೆಯವರಿಗೆ ಮಾತ್ರ ಎಂಬುದು ಆ ಹಿರಿಯನ ನಂಬಿಕೆಯಂತೆ. ಆದ್ದರಿಂದ ಗೋಡೆ ಹಂಚಿಕೊಂಡ ನೆರೆಯವರೊಬ್ಬರು ಸಮಿತಿಯ ಮುಂದೆ ಖುದ್ದಾಗಿ ಬಂದು ಮಾತಾಡಬೇಕು.

“ಹಾಗಾದ್ರೆ ಆಗಲ್ಲ ಬಿಡಿ ಮಿಸ್,” ಎಂದಳು ಹುಡುಗಿ.

“ಯಾಕೇ ಆಗಲ್ಲ? ನಿಮ್ಮನೆಗೇನು ಅಕ್ಕಪಕ್ಕ ಇಲ್ವಾ?”

“ಈ ಕಡೆ ಓಣಿ. ಆ ಕಡೆ ಪಾರ್ಲರ್ ಆಂಟಿ.”

ಪಾರ್ಲರಮ್ಮನಿಗೂ ಇಸ್ತ್ರಿಯಮ್ಮನಿಗೂ ಎಣ್ಣೆ ಸೀಗೇಕಾಯಿ ಎಂಬುದು ಬೀದಿಗೆಲ್ಲ ಗೊತ್ತು. ಆರು ವರ್ಷದ ಹಿಂದೆ ಇಸ್ತ್ರಿಯಮ್ಮ ಗೋಡೆಗೊಂದು ಮೊಳೆ ಹೊಡೆದಳು. ಗೋಡೆಯಾಚೆ ಪಾರ್ಲರಮ್ಮನ ಆಳೆತ್ತರದ ಕನ್ನಡಿ ಬಿದ್ದು ಚೂರುಚೂರಾಯಿತು. ಮೊಳೆ ಹೊಡೆದದ್ದು ತಪ್ಪು ಎಂದು ಪಾರ್ಲರಮ್ಮ, ಕನ್ನಡಿಯನ್ನು ದಾರದಲ್ಲಿ ನೇತುಹಾಕಿದ್ದು ತಪ್ಪು ಎಂದು ಇಸ್ತ್ರಿಯಮ್ಮ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಎದುರಾದರೆ ಇಬ್ಬರೂ ಒಟ್ಟಿಗೇ ಆಕಾಶ ನೋಡುತ್ತಾರೆ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕೈ ಮುಗಿದುಬಿಡುತ್ತಿದ್ದರು. ನಮ್ಮ ಟೀಚರ್ ಆ ಜಾತಿಯವರಲ್ಲ. ಸಂಜೆ ನೆಟ್ಟಗೆ ಪಾರ್ಲರಿಗೆ ಹೋದರು. ಬರಿಗೈಲಿ ಹೋಗಿ ಕೇಳುವುದು ಹೇಗೆಂದು, ಕೂದಲ ತುದಿ ಸ್ವಲ್ಪ ಕತ್ತರಿಸಿ ಎಂದು ಕುರ್ಚಿಯಲ್ಲಿ ಕುಳಿತರು. ಕತ್ತರಿ ಆಡತೊಡಗಿದ ಮೇಲೆ ಮೆಲ್ಲಗೆ ವಿಷಯ ತೆಗೆದರು.

“ಯಾರು, ಆ ಪೆಟ್ಟಿಗೆಯವಳಾ?” ಕತ್ತರಿ ನಿಂತಿತು. “ಇನ್ನೂ ಗಟ್ಟಿಮುಟ್ಟಾಗೇ ಇದಾಳಾ? ನಾನು ಅವಳ ಪರವಾಗಿ ಮಾತಾಡ್ಬೇಕಾ?” ಎಂದು ಪಾರ್ಲರಮ್ಮ ಸಿಟ್ಟಿನಲ್ಲಿ ಆಡಿಸಿದ ಕತ್ತರಿಗೆ ಟೀಚರ ಜಡೆ ಬೆನ್ನಿನಿಂದ ಹೆಗಲಿಗೆ ಬಂತು.

ಟೀಚರ್ ಪಕ್ಕದ ಮನೆಗೆ ಹೋಗಿ, “ಅವರು ನಿಮ್ಮ ಆರೋಗ್ಯ ವಿಚಾರಿಸಿದ್ರು,” ಎಂದರು. ಒಂದು ರೀತಿಯಲ್ಲಿ ಸುಳ್ಳೇನೂ ಅಲ್ಲ.

ಇಸ್ತ್ರಿಯಮ್ಮ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. “ವಿಚಾರಿಸಿದ್ಳಾ? ನನ್ನನ್ನಾ? ಏನೋ ಮಸಲತ್ತು ಇರ್ಬೇಕು. ಆ ಕನ್ನಡೀಲಿ ದಿನಾ ಅವಳ ಮುಖ ನೋಡೀ ನೋಡೀ ಕನ್ನಡಿಗೇ ಸಾಕಾಗಿ ಬಿತ್ತು ಅಂತ ಹೇಳಿ ಹೋಗಿ!”

“ಕನ್ನಡಿ ವಿಷಯಕ್ಕೆ ಅವರಿಗೂ ಬೇಜಾರಿದೆಯಂತೆ,” ಎಂದು ಟೀಚರ್ ಮಾರನೆಯ ದಿನ ಪಾರ್ಲರಿಗೆ ಹೋಗಿ ಹೇಳಿದರು. ಅವತ್ತು ಹಣೆಯ ಮೇಲಿನ ಕೂದಲು ಹೋಯಿತು. ಹೀಗೆ ಆಚೆಯ ಬೈಗುಳವನ್ನು ಈಚೆಗೆ ಸಕ್ಕರೆ ಮಾಡಿ, ಈಚೆಯ ಶಾಪವನ್ನು ಆಚೆಗೆ ಜೇನು ಮಾಡಿ ಹೊತ್ತೂ ಹೊತ್ತೂ ಟೀಚರ ತಲೆ ವಾರದೊಳಗೆ ಗಂಡುಹುಡುಗರ ತಲೆಯಂತಾಯಿತು. ತರಗತಿಯಲ್ಲಿ ಮಕ್ಕಳು ಮುಸಿಮುಸಿ ನಕ್ಕರು. ಮುಖ್ಯೋಪಾಧ್ಯಾಯರಂತೂ ಕಾಯಿಲೆಯೇನಾದರೂ ಇದೆಯೇ ಎಂದು ತಗ್ಗಿದ ದನಿಯಲ್ಲಿ ಕೇಳಿದರು.

ಇನ್ನು ಕತ್ತರಿಸಲು ಏನೂ ಉಳಿದಿಲ್ಲ ಎನ್ನುವ ದಿನ ಪಾರ್ಲರಮ್ಮ ಟೀಚರ ಕತ್ತಿನ ಮೇಲಿನ ಕೂದಲು ಝಾಡಿಸುತ್ತ, “ಆಯ್ತು, ಬರ್ತೀನಿ. ಆದ್ರೆ ನಾನು ಇದ್ದದ್ದನ್ನ ಇದ್ದ ಹಾಗೇ ಹೇಳೋಳು. ಆಮೇಲೆ ನನ್ನ ಬೈಬೇಡಿ,” ಎಂದಳು. ಟೀಚರಿಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ಸಂತೋಷವಾಯಿತು. ಆ ಸಂತೋಷದಲ್ಲಿ ಮಾತಿನ ಎರಡನೇ ಭಾಗ ಕಿವಿಗೆ ಬೀಳಲೇ ಇಲ್ಲ.

ಅರ್ಜಿಯಲ್ಲಿ ಒಂದು ಪ್ರಶ್ನೆ ಬಾಕಿಯಿತ್ತು: ನೆರೆಯವರೊಂದಿಗೆ ಕುಟುಂಬದ ಸಂಬಂಧ ಹೇಗಿದೆ? ಹುಡುಗಿ ಪೆನ್ನು ಕಚ್ಚಿಕೊಂಡು ಕುಳಿತಿದ್ದಳು.

“ಮಿಸ್, ಚೆನ್ನಾಗಿದೆ ಅಂತ ಬರೆಯೋಕೆ ಕೈ ಬರ್ತಿಲ್ಲ.”

“ನೀನು ಬರೀಬೇಡ. ಇಲ್ಲಿ ಕೊಡು,” ಎಂದು ಟೀಚರ್ ತಾವೇ ‘ಬಹಳ ಅನ್ಯೋನ್ಯವಾಗಿದೆ’ ಎಂದು ದುಂಡಗೆ ಬರೆದು ಕಳಿಸಿಬಿಟ್ಟರು. ಸುಳ್ಳು ಮಾಹಿತಿ ಕೊಟ್ಟರೆ ಅರ್ಜಿ ರದ್ದು ಎಂದು ಅದರ ಕೆಳಗೇ ಅಚ್ಚಾಗಿತ್ತು. ಅದನ್ನು ಟೀಚರ್ ನೋಡಿಯೂ ನೋಡದ ಹಾಗೆ ಇದ್ದುಬಿಟ್ಟರು.

ಸಂದರ್ಶನದ ದಿನ ಬಸ್ಸಿನಲ್ಲಿ ಇಸ್ತ್ರಿಯಮ್ಮ ಮುಂದಿನ ಸೀಟು, ಪಾರ್ಲರಮ್ಮ ಹಿಂದಿನ ಸೀಟು, ನಡುವೆ ಟೀಚರ್ ಮತ್ತು ಹುಡುಗಿ. ನಿಧಿಯ ಕಚೇರಿ ಎರಡನೇ ಮಹಡಿಯಲ್ಲಿತ್ತು. ಉದ್ದನೆಯ ಮೇಜಿನ ಹಿಂದೆ ಸಾಬೂನು ವ್ಯಾಪಾರಿಯ ಸೊಸೆ ಕುಳಿತಿದ್ದರು. ಆಕೆಯೇ ಅಧ್ಯಕ್ಷೆ, ನರೆತ ಕೂದಲಿನ ನಿಧಾನದ ಹೆಂಗಸು. ಪಕ್ಕದಲ್ಲಿ ಒಬ್ಬ ವಕೀಲ, ಸುಳ್ಳು ಹಿಡಿಯಲೆಂದೇ ಕರೆಸಿದಂತಿದ್ದ.

ಹುಡುಗಿ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ಆಮೇಲೆ ವಕೀಲ ಪಾರ್ಲರಮ್ಮನ ಕಡೆ ತಿರುಗಿದ.

“ನೀವು ಮತ್ತು ಈ ಹುಡುಗಿಯ ತಾಯಿ ಬಹಳ ಅನ್ಯೋನ್ಯವಾಗಿದ್ದೀರಿ ಅಂತ ಇಲ್ಲಿ ಬರೆದಿದೆ.”

ಪಾರ್ಲರಮ್ಮ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. “ಯಾರು? ನಾನಾ? ಇವಳ ಜೊತೇಲಾ? ಸ್ವಾಮಿ, ನಾವು ಮಾತು ಬಿಟ್ಟು ಆರು ವರ್ಷ ಆಯ್ತು!”

ವಕೀಲ ಪೆನ್ನಿನ ಮುಚ್ಚಳ ತೆಗೆದ. ಇಸ್ತ್ರಿಯಮ್ಮ ಟೀಚರ ಕಡೆ ತಿರುಗಿ, “ಮತ್ತೆ ನನ್ನ ಆರೋಗ್ಯ ವಿಚಾರಿಸಿದ್ಳು ಅಂದ್ರಿ?” ಎಂದಳು. “ಕನ್ನಡಿ ವಿಷಯಕ್ಕೆ ಇವಳಿಗೆ ಬೇಜಾರಿದೆ ಅಂದ್ರಿ?” ಎಂದಳು ಪಾರ್ಲರಮ್ಮ. “ನನಗ್ಯಾಕೆ ಬೇಜಾರು?” ಎಂದಳು ಇಸ್ತ್ರಿಯಮ್ಮ. ನೋಡಿ, ಆರು ವರ್ಷದಲ್ಲಿ ಇಬ್ಬರೂ ಮೊದಲ ಸಲ ಒಂದಾಗಿದ್ದರು, ಟೀಚರನ್ನು ದಿಟ್ಟಿಸುವುದರಲ್ಲಿ.

ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು. ಅಯ್ಯೋ, ಈ ಮಗುವಿನ ಸೀಟು ನನ್ನ ಕೈಯಾರೆ ಹೋಯಿತಲ್ಲ ಎಂದುಕೊಂಡರು ಟೀಚರ್. ಎದ್ದು ನಿಂತರು.

“ಅದನ್ನ ಬರೆದದ್ದು ನಾನು. ಸುಳ್ಳು ಅಂತ ಗೊತ್ತಿದ್ದೇ ಬರೆದೆ. ಹುಡುಗಿ ಬರೆಯೋಲ್ಲ ಅಂದಳು. ಏನು ಶಿಕ್ಷೆ ಇದ್ರೂ ನನಗೆ ಕೊಡಿ, ಅವಳ ಅರ್ಜಿ ತಳ್ಳಿಹಾಕಬೇಡಿ.”

“ನಿಯಮ ನಿಯಮವೇ, ಮೇಡಂ,” ಎಂದ ವಕೀಲ.

ಅಧ್ಯಕ್ಷೆ ಕೈ ಎತ್ತಿ ಅವನನ್ನು ತಡೆದರು. “ಇರಿ. ಮಾವನವರು ನೆರೆಯವರ ಮಾತು ಕೇಳಿ ಅಂದಿದ್ರು, ಕೇಳೋಣ. ಹೇಳಿ ಅಮ್ಮ, ಏನು ಹೇಳಬೇಕೋ ಹೇಳಿ.”

ಪಾರ್ಲರಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಆರು ವರ್ಷದಿಂದ ಯಾರೂ ಹೀಗೆ ಕೇಳಿರಲಿಲ್ಲ.

“ಇವರಮ್ಮನ ವಿಷಯ ಹೇಳ್ತೀನಿ ಬರ್ಕೊಳ್ಳಿ. ಬಾಯಿ ಬೊಂಬಾಯಿ. ಬೆಳಕು ಹರಿಯೋಕೆ ಮುಂಚೆ ಮೇಜು ಎಳೀತಾಳೆ, ನನ್ನ ನಿದ್ದೆ ಹಾಳು. ಕುದಿಯೋ ನೀರನ್ನ ನನ್ನ ಗಿಡದ ಬುಡಕ್ಕೇ ಚೆಲ್ತಾಳೆ. ರೇಡಿಯೋ ಜೊತೆ ಹಾಡ್ತಾಳೆ, ರೇಡಿಯೋ ಒಂದು ಕಡೆ, ಇವಳೊಂದು ಕಡೆ.” ಇಸ್ತ್ರಿಯಮ್ಮ ಬಾಯಿ ತೆರೆದಳು. ಹುಡುಗಿ ಅಮ್ಮನ ಕೈ ಹಿಡಿದು ಅದುಮಿದಳು.

“ಮಗಳ ವಿಷಯ?” ಎಂದರು ಅಧ್ಯಕ್ಷೆ.

ಪಾರ್ಲರಮ್ಮ ಹುಡುಗಿಯ ಕಡೆ ತಿರುಗಿ ನೋಡಿದಳು.

“ನಿಜ ಹೇಳ್ತೀನಮ್ಮ. ಆರು ವರ್ಷದಿಂದ ಆ ಗೋಡೆಗೆ ಕಿವಿ ಕೊಟ್ಟು ಕೂತಿದೀನಿ. ಈ ಮನೇಲಿ ಏನಾದ್ರೂ ಹುಳುಕು ಸಿಗಲಿ, ಬೀದಿಗೆಲ್ಲ ಸಾರ್ತೀನಿ ಅಂತ ಕಾದಿದೀನಿ. ಆಯಮ್ಮನ್ನ ಕಂಡ್ರೆ ನಂಗೆ ಅಷ್ಟು ಉರಿ. ಈ ಹುಡುಗಿ ದಿನಾ ಜೋರಾಗಿ ಓದ್ತಾಳೆ. ಓದಿ ಮುಗಿಸಿ ಬಟ್ಟೆ ಮಡಿಸ್ತಾಳೆ. ಅಮ್ಮನಿಗೆ ಕೈ ಸುಟ್ರೆ ಮುಲಾಮು ಹಚ್ತಾ, ಇನ್ಮೇಲೆ ನಾನೇ ಹಾಕ್ತೀನಿ ನೀನು ಕೂರು ಅಂತಾಳೆ. ಒಂದು ದಿನ ಅಮ್ಮ ನನಗೆ ಶಾಪ ಹಾಕ್ತಿದ್ಳು. ಈ ಮಗು ಅಂತು, ಅಮ್ಮ, ಪಾಪ ಆ ಆಂಟಿಗೂ ಕನ್ನಡಿ ಅನ್ನ ಕೊಡೋ ಸಾಮಾನಲ್ವಾ, ಅಂತ.” ದನಿ ಒಡೆಯಿತು, ಮತ್ತೆ ಗಟ್ಟಿಯಾಯಿತು. “ಇವಳ ಮೇಲೆ ಹೇಳೋಕೆ ನನಗೆ ಏನೂ ಸಿಕ್ಕಿಲ್ಲ. ಸಿಕ್ಕಿದ್ರೆ ಬಿಡ್ತಿದ್ನಾ?”

ಟೀಚರ್ ಬೋಳುಕತ್ತನ್ನು ಸವರಿಕೊಂಡು ಕಣ್ಣೀರು ನುಂಗಿದರು.

ಅಧ್ಯಕ್ಷೆ ವಕೀಲನ ಪೆನ್ನನ್ನು ತೆಗೆದು ಟೀಚರ ಮುಂದೆ ಇಟ್ಟರು. “ಅನ್ಯೋನ್ಯ ಅನ್ನೋದನ್ನ ಹೊಡೆದುಹಾಕಿ. ‘ಮಾತಿಲ್ಲ’ ಅಂತ ಬರೆದು ಸಹಿ ಹಾಕಿ. ಸ್ನೇಹಿತರು ಹೊಗಳೋದನ್ನ ಬೇಕಾದಷ್ಟು ಕೇಳಿದೀನಿ, ಇಂಥ ಸಾಕ್ಷಿ ಇದೇ ಮೊದಲು.” ಆಮೇಲೆ ಹುಡುಗಿಯ ಕಡೆ ನೋಡಿ, “ಕಾಲೇಜಿಗೆ ಫೀಸು ಈ ವಾರವೇ ಹೋಗುತ್ತೆ,” ಎಂದರು. ವಕೀಲ ಏನೋ ಹೇಳಲು ಹೋದ. ಅಧ್ಯಕ್ಷೆ ಅವನ ಕಡೆ ತಿರುಗಲೂ ಇಲ್ಲ.

ಮೆಟ್ಟಿಲು ಇಳಿಯುವಾಗ ಹುಡುಗಿ ಅಳುತ್ತಿದ್ದಳು, ನಗುತ್ತಿದ್ದಳು, ಎರಡೂ ಒಟ್ಟಿಗೆ. ಟೀಚರಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಇಸ್ತ್ರಿಯಮ್ಮ ಮಾತ್ರ ಕೊನೆಯ ಮೆಟ್ಟಿಲಲ್ಲಿ ನಿಂತುಬಿಟ್ಟಳು. ಪಾರ್ಲರಮ್ಮ ಬಳಿ ಬಂದಾಗ ಅವಳು ಆಕಾಶ ನೋಡಲಿಲ್ಲ, ಮುಖವನ್ನೇ ನೋಡಿದಳು. ಉಪಕಾರ ಆಯಿತು ಎನ್ನಲು ಹೊರಟಳು, ಬಾಯಿಗೆ ಬಂದದ್ದು ಬೇರೆ.

“ಗೋಡೆಗೆ ಕಿವಿ ಕೊಟ್ಟು ಕೂತು ಕತ್ತು ನೋಯಿಸ್ಕೋಬೇಡಿ,” ಎಂದಳು ಕೊನೆಗೆ. “ಇನ್ಮೇಲೆ ಮಗಳು ಹಾಸ್ಟೆಲಿಗೆ ಹೋಗ್ತಾಳೆ, ಗೋಡೆ ಈಚೆಯಿಂದ ಏನೂ ಕೇಳಿಸೋದಿಲ್ಲ. ಬೈಬೇಕು ಅನ್ನಿಸಿದ್ರೆ ಬಾಗಿಲಿಗೇ ಬನ್ನಿ.”

ಪಾರ್ಲರಮ್ಮ ಮೂಗು ಒರೆಸಿಕೊಂಡಳು. “ಬರ್ತೀನಿ. ನಾಳೇನೇ ಬರ್ತೀನಿ. ಆ ಗಿಡದ ವಿಷಯ ಇನ್ನೂ ಮುಗಿದಿಲ್ಲ.”