ದಾಸ್ತಾನು ಸಂಖ್ಯೆ ನಲವತ್ತೆಂಟು

ಘನತೆವೆತ್ತ ವಾಚಕ ಮಹೋದಯರೇ, ಮುಂದೆ ನಿರೂಪಿಸಲಾಗುವ ವೃತ್ತಾಂತದಲ್ಲಿ ಕೊಲೆಯಿಲ್ಲ, ಅಪಹರಣವಿಲ್ಲ, ಮುಸುಕುಧಾರಿಯ ನೆರಳೂ ಇಲ್ಲ. ಇರುವುದು ಒಂದು ಕಚೇರಿ, ಒಂದು ಗಣಕಯಂತ್ರ ಹಾಗೂ ಒಬ್ಬ ಹೆಣ್ಣುಮಗಳ ಅನ್ನ. ಇಷ್ಟರಿಂದಲೇ ತಮ್ಮ ಕುತೂಹಲವು ತಣಿಯಬಹುದೆಂಬ ಭರವಸೆಯಿಂದ ಕಥೆಗೆ ತೊಡಗಲಾಗಿದೆ.

ಕಂಪ್ಯೂಟರ್ ರಿಪೇರಿಯ ರವಿಚಂದ್ರನಿಗೆ ಮಂಡ್ಯದ ಗುತ್ತಲಿನಲ್ಲಿ ಒಂದು ಬಾಡಿಗೆ ಕೋಣೆಯಿತ್ತು. ಆದರೆ ಅದರ ಬೀಗಕ್ಕೂ ಅವನಿಗೂ ಪರಿಚಯ ಅಷ್ಟಕ್ಕಷ್ಟೆ. ಬೆಳಿಗ್ಗೆ ಮದ್ದೂರು, ಮಧ್ಯಾಹ್ನ ಮಳವಳ್ಳಿ, ಸಂಜೆಗೆ ಎಲ್ಲಿ ಪ್ರಿಂಟರು ಕಾಗದ ನುಂಗಿ ಕೂತಿದೆಯೋ ಅಲ್ಲಿ. ಒಂದೇ ಊರಿನಲ್ಲಿ ಎರಡು ಹೊತ್ತು ಉಂಡರೆ ಅವನಿಗೆ ಅಜೀರ್ಣವಾಗುತ್ತಿತ್ತು. ಆ ಗುರುವಾರ ಕಿರುಗಾವಲಿನ ಕುರಿ ತಳಿ ದಾಖಲೆ ಸಂಘದಿಂದ ಫೋನು ಬಂದಾಗ ಅವನು ಅರ್ಧ ತಿಂದ ಇಡ್ಲಿಯನ್ನು ಬಿಟ್ಟು ಹೊರಟ.

ಬಂಡೂರು ಕುರಿಗಳ ತಂದೆ ಯಾರು, ತಾಯಿ ಯಾರು ಎಂಬುದನ್ನು ಬರೆದಿಡುವುದು ಸಂಘದ ಕೆಲಸ. ಕಾರ್ಯದರ್ಶಿ ಕೆಂಪಸಿದ್ದಯ್ಯನವರು ಕುರಿಗಳ ಕಿವಿಗೆ ಸಂಖ್ಯೆಯ ಬಿಲ್ಲೆ ಹಾಕಿಸಿ ಹಾಕಿಸಿ, ಲೋಕದ ಸಮಸ್ತ ವಸ್ತುಗಳನ್ನೂ ಅದೇ ಕಣ್ಣಿನಿಂದ ನೋಡುವುದನ್ನು ರೂಢಿ ಮಾಡಿಕೊಂಡಿದ್ದರು. ಕುರ್ಚಿ, ಗಡಿಯಾರ, ನೀರಿನ ಲೋಟ, ಕಸದ ಬುಟ್ಟಿ, ಎಲ್ಲದರ ಮೇಲೂ ಬಿಳಿ ಬಣ್ಣದ ದಾಸ್ತಾನು ಸಂಖ್ಯೆ ಹೊಳೆಯುತ್ತಿತ್ತು. ಸಂಖ್ಯೆಯಿಲ್ಲದ್ದು ಸಂಘದ ಮಟ್ಟಿಗೆ ಹುಟ್ಟಿಯೇ ಇರಲಿಲ್ಲ.

"ರಿಪೇರಿಗಲ್ಲ ಕಣಪ್ಪ ಕರ್ಸಿದ್ದು. ಇದಕ್ಕೊಂದು ರುಜು ಆಕ್ಬುಟ್ಟು ಓಗು," ಎಂದು ಅವರು ಕಾಗದವೊಂದನ್ನು ಮುಂದಕ್ಕೆ ತಳ್ಳಿದರು.

ರವಿಚಂದ್ರ ಓದಿದ. 'ಗಣಕಯಂತ್ರ ನಿರ್ವಾಹಕಿ ಕುಮಾರಿ ಮಂಜುಶ್ರೀಯವರ ಅಜಾಗರೂಕತೆಯಿಂದ ಯಂತ್ರವು ಮೃತಪಟ್ಟಿರುವುದನ್ನು ಪರಿಣತರು ದೃಢಪಡಿಸಿರುವುದರಿಂದ, ನಾಳೆಯಿಂದ ಸದರಿಯವರ ಸೇವೆಯು ಸಂಘಕ್ಕೆ ಅಗತ್ಯವಿರುವುದಿಲ್ಲ.' ಕೆಳಗೆ ಪರಿಣತರ ಸಹಿಗೆ ಜಾಗ ಬಿಟ್ಟಿತ್ತು. ನಾಲ್ಕು ಗಂಟೆಗೆ ಆಡಳಿತ ಮಂಡಳಿಯ ಸಭೆ.

ಮಂಜುಶ್ರೀ ಎದುರಿಗೇ ಕುಳಿತಿದ್ದಳು. ನಾಲ್ಕು ವರ್ಷದಿಂದ ಗುತ್ತಿಗೆಯ ಮೇಲಿದ್ದ ಹುಡುಗಿ. ಕಪ್ಪು ಪರದೆಯ ಮುಂದೆ, ಮಾಡಲು ಕೆಲಸವಿಲ್ಲದ ಎರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವನ ಪೆನ್ನನ್ನೇ ನೋಡುತ್ತಿದ್ದಳು. ರವಿಚಂದ್ರ ಪೆನ್ನನ್ನು ಜೇಬಿಗೆ ಸಿಕ್ಕಿಸಿದ.

"ಎಣದ ಮಖ ನೋಡ್ದೆ ಸಾವಿನ ಸರ್ಟಿಫಿಕೇಟು ಎಂಗ್ ಕೊಡ್ಲಿ ಸಾ?"

ಸ್ವಿಚ್ ಒತ್ತಿದ. ಯಂತ್ರ ಮೂರು ಸಲ ಉದ್ದಕ್ಕೆ ಕೂಗಿ ಸುಮ್ಮನಾಯಿತು. ಮೆಮೊರಿ ಸರಿಯಾಗಿ ಕೂತಿಲ್ಲವೆಂದು ಆ ಯಂತ್ರಕ್ಕೆ ತಿಳಿದಿದ್ದ ಏಕೈಕ ಭಾಷೆಯಲ್ಲಿ ಅದು ಮೂರು ದಿನದಿಂದ ಹೇಳುತ್ತಲೇ ಇತ್ತು.

"ಇದ್ನ ಕಡೇಲಿ ಬಿಚ್ಚಿದ್ದು ಯಾರಮ್ಮ?"

"ನಾನಲ್ಲ ಅಣ್ಣ. ಸೋಮವಾರ ರಜ ಹಾಕಿದ್ದೆ. ಮಂಗಳವಾರ ಬಂದು ನೋಡ್ತೀನಿ, ಹಿಂಗೇ."

ಮೂಲೆಯಲ್ಲಿ ಕಸ ಗುಡಿಸುತ್ತಿದ್ದ ಪಟ್ಟಲಮ್ಮ ಸೊಂಟ ನೆಟ್ಟಗೆ ಮಾಡಿಕೊಂಡಳು. "ಆ ಮಗೀನ್ನ ಯಾಕ್ ಕೇಳೀಯೆ? ಯಜಮಾನ್ರೇ ಬಿಚ್ಚುದ್ರು. ಕುರಿಗೆ ಗುರ್ತು ಬಳಿಯೋ ಬಣ್ಣ ತಕಂಡು ಒಳ್ಗಿದ್ದುಕ್ಕೆಲ್ಲ ನಂಬ್ರು ಬರೆದ್ರು. ನಂಗೂ ಬರೀತಿದ್ರೇನೋ, ಪೊರಕೆ ಮುಂದ್ಕಿಡ್ದು ತಪ್ಪುಸ್ಕಂಡೆ."

ಕೆಂಪಸಿದ್ದಯ್ಯನವರು ನಾಚಲಿಲ್ಲ. "ಬರೀದೆ ಇನ್ನೇನು? ತನಿಖೆಯೋರು ಬತ್ತಾವ್ರೆ. ಮೆಮೊರಿ ಎರಡು ಅಂತ ದಾಸ್ತಾನು ಪುಸ್ತಕದಲ್ಲಿ ಅದೆ. ಮೈಮೇಲೆ ನಂಬ್ರು ಇಲ್ದಿದ್ರೆ ಯಾವುದ್ನ ತೋರ್ಸನ?"

ರವಿಚಂದ್ರ ಪೆಟ್ಟಿಗೆಯ ಮುಚ್ಚಳ ತೆಗೆದ. ಬೆರಳಗಲದ ಎರಡು ಹಸಿರು ಮೆಮೊರಿ ಪಟ್ಟಿಗಳು. ಒಂದರ ಮೇಲೆ ೪೭, ಇನ್ನೊಂದರ ಮೇಲೆ ೪೮. ಬರವಣಿಗೆ ದುಂಡಾಗಿತ್ತು, ಆದರೆ ಅಂಕಿಗಳ ಬಾಲ ಕೆಳಗಿನ ಚಿನ್ನದ ಬಣ್ಣದ ಹಲ್ಲುಸಾಲಿಗೆ ಇಳಿದು, ವಿದ್ಯುತ್ತು ಹಾಯುವ ದಾರಿಯನ್ನೇ ಸುಣ್ಣ ಬಳಿದ ಗೋಡೆಯಂತೆ ಮುಚ್ಚಿತ್ತು. ನಲವತ್ತೆಂಟರ ಪಾಡು ಇನ್ನೂ ಕರುಣಾಜನಕ. ಸಂಖ್ಯೆ ತನಿಖಾಧಿಕಾರಿಗೆ ಎದುರಾಗಿ ಕಾಣಲೆಂದು ಅದನ್ನು ಹಿಂದುಮುಂದಾಗಿ ತಿರುಗಿಸಿ, ಹೆಬ್ಬೆರಳಿನಿಂದ ಅದುಮಲಾಗಿತ್ತು. ಹಲ್ಲಿನ ನಡುವಣ ಕಚ್ಚು ಹೊಂದದೆ, ಪಟ್ಟಿ ಒಂದು ಕಡೆ ಎದ್ದು ನಿಂತಿತ್ತು.

ಅವನು ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯನ್ನು ಹಲ್ಲಿಗೆ ತಾಗಿಸುವಷ್ಟರಲ್ಲಿ ಕಾರ್ಯದರ್ಶಿಗಳು ಕೈ ಹಿಡಿದರು. "ನಂಬ್ರು ಅಳಿಸ್ಬ್ಯಾಡ ಕಣಪ್ಪ. ದಾಖಲೆ ತಿದ್ದಿದಂಗಾಯ್ತದೆ. ಪೆಟ್ಗೆ ಮೇಲೆ ಬರ್ಕಳಿ ಅಂತ್ಲೂ ಅನ್ಬ್ಯಾಡ. ಕುರಿ ನಂಬ್ರ ಯಾರಾದ್ರೂ ಕೊಟ್ಟಿಗೆ ಮೇಲೆ ಬರ್ದಾರ?"

"ಕುರಿಗೆ ಎಲ್ಲಿಗಾಕ್ತೀರಿ ಸಾ?"

"ಕಿವಿಗೆ."

"ಬಾಯಿಗೆ ಯಾಕಾಕಲ್ಲ?"

"ಮೇಯದೆಂಗೆ ಮತ್ತೆ?"

"ಇದು ಇದ್ರ ಬಾಯಿ," ಎಂದು ರವಿಚಂದ್ರ ಹಲ್ಲುಸಾಲನ್ನು ತೋರಿಸಿದ. "ಮೂರು ದಿನದಿಂದ ಮೇಯ್ದಿಲ್ಲ."

ಕೆಂಪಸಿದ್ದಯ್ಯನವರು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು. ಹಸಿದ ಕುರಿಯೆಂದರೆ ಅವರ ಕರುಳು ಚುರುಕ್ಕೆನ್ನುತ್ತಿತ್ತು. "ಸರಿ, ಒರ್ಸು. ಕಿವಿ ಯಾವ ಕಡೆ ಅಂತ ಆಮ್ಯಾಕೆ ತೋರ್ಸು, ಅಲ್ಲಿ ಬರೀತೀನಿ."

ಹಲ್ಲಿನ ಮೇಲಿದ್ದ ಬಣ್ಣ ಹೋಯಿತು. ಮಂಜುಶ್ರೀಯ ಬಳಿಯಿದ್ದ ರಬ್ಬರಿನಿಂದ ಹಲ್ಲುಸಾಲನ್ನು ಉಜ್ಜಿ, ಕಚ್ಚು ನೋಡಿ ಕೂರಿಸಿದ. ಎರಡೂ ತುದಿಯಲ್ಲಿ ಟಕ್ಕೆಂದಿತು. ಯಂತ್ರ ಒಂದೇ ಸಲ ಚಿಕ್ಕದಾಗಿ ಕೂಗಿ ಕಣ್ಣು ಬಿಟ್ಟಿತು. ಪರದೆಯ ಬೆಳಕು ಮುಖಕ್ಕೆ ಬಿದ್ದಾಗ ಮಂಜುಶ್ರೀ ಕಣ್ಣೊರೆಸಿಕೊಂಡಳು.

"ಆ ಕಾಗದ ಅರ್ದಾಕಿ ಸಾ," ಎಂದು ರವಿಚಂದ್ರ ಹರಿಯುವಂತೆ ಕೈ ತೋರಿಸಿದ.

"ಅರಿಯಕ್ಕಾಯ್ತದ? ರವಾನೆ ನಂಬ್ರು ಬಿದ್ದೋಗ್ಯದೆ. ಮಂಡಳಿಗೆ ಕಾಗದ ಓಗ್ಲೇಬೇಕು. ಯಂತ್ರ ಕೆಟ್ಟಿತ್ತು ಅಂದ್ಮೇಲೆ ಒಬ್ರು ತಪ್ಪಿತಸ್ತರು ಇರ್ಬೇಕು." ತಪ್ಪಿತಸ್ಥರ ಪಟ್ಟಿಯಲ್ಲಿ ತಮ್ಮ ಹೆಸರೂ ಬರಬಹುದೆಂಬ ಊಹೆ ಆ ಮಹನೀಯರ ಸಮೀಪಕ್ಕೂ ಸುಳಿಯಲಿಲ್ಲ. ಮಂಜುಶ್ರೀಯ ಕೈಗಳು ಮತ್ತೆ ಮಡಿಲಿಗೆ ಇಳಿದವು.

ರವಿಚಂದ್ರ ಯೋಚಿಸಿದ. ನ್ಯಾಯ ಹೇಳಿ ಪ್ರಯೋಜನವಿರಲಿಲ್ಲ. ಅದಕ್ಕೆ ಇಲ್ಲಿ ಸಂಖ್ಯೆ ಇರಲಿಲ್ಲ.

"ಈಯಮ್ಮಂದು ದಾಸ್ತಾನು ನಂಬ್ರು ಏಟು ಸಾ?"

"ಗುತ್ತಿಗೆಯೋರಿಗೆ ಏನ್ ನಂಬ್ರು?"

"ನಂಬ್ರಿಲ್ದೋರ್ನ ಪುಸ್ತಕದಿಂದ ಎಂಗ್ ತಗೀತೀರಿ? ತನಿಖೆಯೋರು ಕೇಳಕಿಲ್ವ? ನಲವತ್ತೆಂಟುಕ್ಕೆ ನಂಬ್ರು ಅದೆ. ತಿರುವುಮುರುವಾಗಿ ಇದ್ದುದ್ದೂ ಅದೇ."

ಕೆಂಪಸಿದ್ದಯ್ಯನವರ ಮುಖದ ಮೇಲೆ ಕಾನೂನಿನ ಬೆಳಕು ಮೆಲ್ಲಗೆ ಹರಡಿತು. ಅವರು ಮಂಜುಶ್ರೀಯ ಹೆಸರಿಗೆ ಅಡ್ಡಗೆರೆ ಎಳೆದು, ದಾಸ್ತಾನು ಸಂಖ್ಯೆ ೪೮ ಎಂದು ದುಂಡಗೆ ಬರೆದರು. ರವಿಚಂದ್ರ ಸಂತೋಷದಿಂದ ಸಹಿ ಹಾಕಿದ.

ಅಪರಾಧಿಯನ್ನು ಯಂತ್ರದಿಂದ ಹೊರಗೆಳೆದು, ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ, ಬೀರುವಿನಲ್ಲಿ ಬಂಧಿಸಲಾಯಿತು. ವಜಾ ಆದೇಶದ ಶುದ್ಧಪ್ರತಿಯನ್ನು ಮಂಜುಶ್ರೀಯೇ, ಉಳಿದ ಅರ್ಧ ಮೆಮೊರಿಯ ಯಂತ್ರದಲ್ಲಿ, ಒಂದೂ ತಪ್ಪಿಲ್ಲದೆ ಟೈಪು ಮಾಡಿದಳು.

"ಅಣ್ಣ, ಇನ್ಮೇಲೆ ಇದು ನಿಧಾನ ಆಗುತ್ತಲ್ವ?" ಎಂದು ಅವಳು ಪಿಸುಗುಟ್ಟಿದಳು.

"ಆಗ್ಲಿ ಬುಡವ್ವ. ಈ ಆಪೀಸ್ನಲ್ಲಿ ಯಾರ್ಗೂ ಗೊತ್ತಾಗಕಿಲ್ಲ."

ಮೊಬೈಲು ಅಲುಗಿತು. ಮದ್ದೂರಿನಲ್ಲಿ ಯಾರದೋ ಪ್ರಿಂಟರು ಹೊಗೆಯಾಡುತ್ತಿತ್ತು. ರವಿಚಂದ್ರ ಸ್ಕ್ರೂಡ್ರೈವರನ್ನೂ ಸ್ಪಿರಿಟಿನ ಸೀಸೆಯನ್ನೂ ಚೀಲಕ್ಕೆ ತುಂಬಿ, ಪಟ್ಟಲಮ್ಮ ತಂದಿಟ್ಟ ಟೀಯನ್ನು ನಿಂತೇ ಕುಡಿದು, ಬೈಕನ್ನು ಮದ್ದೂರಿನ ದಾರಿಗೆ ತಿರುಗಿಸಿದ.